ನಾಯಿಗೂ ಒಂದು ಜಾಗ

ಮಕ್ಕಳೇ, ಮಕ್ಕಳಿಗೆ ಇದನ್ನು ಓದಿ ಹೇಳುವ ಅಜ್ಜ–ಅಜ್ಜಿಯರೇ,

ನಮ್ಮ ಲಕ್ಕಲಕಟ್ಟಿಯ ಮಾಳಿಗೆಯ ಮೇಲೆ ಬಿದ್ದ ಮಳೆನೀರು ಕೊನೆಗೆ ಯಾವ ಸಮುದ್ರ ಸೇರುತ್ತದೆ, ಹೇಳಿ ನೋಡೋಣ. ನಕ್ಷೆಯಲ್ಲಿ ನಮಗೆ ಹತ್ತಿರ ಇರುವುದು ಪಶ್ಚಿಮದ ಅರಬ್ಬಿ ಸಮುದ್ರ. ಆದರೆ ನಮ್ಮ ನೀರು ಅತ್ತ ಹೋಗುವುದಿಲ್ಲ. ಹಳ್ಳ ಸೇರಿ, ಹೊಳೆ ಸೇರಿ, ಕೃಷ್ಣೆಯ ಪಾಲಾಗಿ, ಇಡೀ ಆಂಧ್ರ ದಾಟಿ ಬಂಗಾಳ ಕೊಲ್ಲಿಗೆ ಬೀಳುತ್ತದೆ. ರೋಣ, ನರಗುಂದದ ಮಗ್ಗುಲಲ್ಲಿ ಹರಿಯುವ ಮಲಪ್ರಭೆಯದೂ ಅದೇ ಕತೆ. ಅವಳು ಹುಟ್ಟುವುದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ, ಸಹ್ಯಾದ್ರಿಯ ನೆತ್ತಿಯ ಮೇಲೆ. ಅರಬ್ಬಿ ಸಮುದ್ರ ಅಲ್ಲೇ ಹತ್ತಿರ. ಆದರೂ ಅದಕ್ಕೆ ಬೆನ್ನು ತಿರುಗಿಸಿ ನಮ್ಮ ಕಡೆ ಬಂದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡುತ್ತಾಳೆ.

ನಮ್ಮ ನೀರು ಮೂಡಣಕ್ಕೆ ಹೋದರೂ ನಮ್ಮ ಹತ್ತಿ ಮಾತ್ರ ಪಡುವಣಕ್ಕೆ ಹೋಗುತ್ತಿತ್ತು. 19ನೇ ಶತಮಾನದಲ್ಲಿ, ರೈಲು ಬರುವ ಮೊದಲು, ಧಾರವಾಡ ಜಿಲ್ಲೆಯ ಎರಿ ಹೊಲಗಳ ಹತ್ತಿ ಎತ್ತಿನ ಬೆನ್ನ ಮೇಲೆ, ಆಮೇಲೆ ಬಂಡಿಗಳಲ್ಲಿ ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗುತ್ತಿತ್ತು. ಗದಗ, ರೋಣ ಆಗ ಧಾರವಾಡ ಜಿಲ್ಲೆಯಲ್ಲೇ ಇದ್ದವು. ಗದಗ ಜಿಲ್ಲೆ ಬೇರೆಯಾದದ್ದು 1997ರಲ್ಲಿ. ಕುಮಟಾದಿಂದ ಹಾಯಿ ಹಡಗಿನಲ್ಲಿ ಮುಂಬಯಿ, ಮುಂಬಯಿಯಿಂದ ವಿಲಾಯತಿ. ಬೆಳೆದದ್ದು ನಾವು, ಆದರೆ ಇಂಗ್ಲೆಂಡಿನ ಪೇಟೆಯಲ್ಲಿ ಆ ಹತ್ತಿಗೆ ‘ಕುಮಟಾ’ ಎಂದೇ ಹೆಸರು. ಹಡಗು ಹತ್ತಿಸಿದ ಊರಿನ ಹೆಸರು ಉಳಿಯಿತು, ಬಿತ್ತಿದ ಊರಿನದು ಉಳಿಯಲಿಲ್ಲ. 1861ರಿಂದ 65ರವರೆಗೆ ಅಮೆರಿಕದಲ್ಲಿ ಒಳಯುದ್ಧ ನಡೆದು ಅಲ್ಲಿನ ಹತ್ತಿ ನಿಂತಾಗ ನಮ್ಮ ಹತ್ತಿಗೆ ಚಿನ್ನದ ಬೆಲೆ ಬಂತು. 1880ರ ದಶಕದಲ್ಲಿ ಗದಗಕ್ಕೆ ರೈಲು ಬಂದಿತು, ಹತ್ತಿ ರೈಲು ಹತ್ತಿತು, ಕುಮಟಾದ ದಾರಿ ಮರೆತುಹೋಯಿತು.

ನಾನು ಬ್ಯಾಂಕಿನ ಕ್ಲಾರ್ಕ್. ಹತ್ತಿ ಬೆಳೆಸಾಲದ ಲೆಡ್ಜರ್ ಬರೆದೇ ಆಯುಷ್ಯ ಕಳೆಯಿತು. ನಿವೃತ್ತಿಯಾದ ಮೇಲೆ ಒಂದು ಆಸೆ ಹುಟ್ಟಿತು. ನಮ್ಮ ಹತ್ತಿ ನೋಡಿದ ಸಮುದ್ರವನ್ನು ನಾವೂ ನೋಡಬೇಕು. ಬಸ್ಸಿನ ಕಿಟಕಿಯಿಂದಲ್ಲ, ದೋಣಿಯಲ್ಲಿ ಕೂತು. ಕಾರವಾರದಿಂದ ಮಂಗಳೂರಿನವರೆಗೆ ಎಲ್ಲೆಲ್ಲಿ ಹೊಳೆ ದಾಟಲು ದೋಣಿ ಸಿಗುತ್ತದೋ ಅಲ್ಲೆಲ್ಲ ದೋಣಿಯಲ್ಲೇ ದಾಟಬೇಕು. ಹೊರಟದ್ದು 2012ರ ಜನವರಿಯಲ್ಲಿ, ಮೂವರು: ನಾನು, ನನ್ನ ಹೆಂಡತಿ, ಮೋತ್ಯಾ.

ಮೋತ್ಯಾ ನಮ್ಮ ನಾಯಿ. ಮುಧೋಳದ ಹೆಸರುವಾಸಿ ಬೇಟೆನಾಯಿಯೇನೂ ಅಲ್ಲ. ಕಂದು ಬಣ್ಣದ, ಒಂದು ಕಿವಿ ಮಡಚಿದ ಬೀದಿನಾಯಿ. ಅದು ನಮ್ಮ ಮನೆಗೆ ಬಂದದ್ದು ನೆರೆಯ ಜೊತೆಗೆ. 2009ರ ಸೆಪ್ಟೆಂಬರ್ ಕೊನೆಗೆ ಉತ್ತರ ಕರ್ನಾಟಕದ ಮೇಲೆ ಆಕಾಶವೇ ಕಳಚಿ ಬಿದ್ದಂತೆ ಮಳೆಯಾದದ್ದು ಅಜ್ಜ–ಅಜ್ಜಿಯರಿಗೆ ನೆನಪಿದ್ದೇ ಇರುತ್ತದೆ. ಹೊಳೆದಂಡೆಯ ಹಳ್ಳಿಗಳಲ್ಲಿ ಮಣ್ಣಿನ ಮನೆಗಳು ಸಕ್ಕರೆಯಂತೆ ಕರಗಿದವು. ನನ್ನ ಹೆಂಡತಿಯ ತವರು ಅಂಥದೇ ಒಂದು ಊರು. ನೀರು ಇಳಿದ ಮೇಲೆ ಅವಳು ಅಣ್ಣನ ಮನೆ ನೋಡಲು ಹೋದಳು. ಗುಡಿಯ ಕಟ್ಟೆಯ ಮೇಲೆ ಕೆಸರು ಮೆತ್ತಿಕೊಂಡ ಒಂದು ಮರಿ ನಡುಗುತ್ತ ಕೂತಿತ್ತಂತೆ. ಸೆರಗಿನಲ್ಲಿ ಸುತ್ತಿಕೊಂಡು ಬಂದಳು.

ಹಾಗಾಗಿ ನಮ್ಮ ಮೂವರಲ್ಲಿ ಇಬ್ಬರಿಗೆ ನೀರೆಂದರೆ ಜೀವಭಯ. ಮೋತ್ಯಾ ಬಚ್ಚಲ ನೀರಿನ ಸಪ್ಪಳಕ್ಕೇ ಹೊರಸಿನ ಕೆಳಗೆ ಸೇರುತ್ತಿತ್ತು. ನನ್ನ ಹೆಂಡತಿ ಚಿಕ್ಕಂದಿನಿಂದ ಹೊಳೆಯ ನೆರೆ ಕಂಡವಳು. ಎಮ್ಮೆ, ಹುಲ್ಲಿನ ಬಣವೆ, ಕಂಬ, ತೊಟ್ಟಿಲು, ಎಲ್ಲ ತೇಲಿ ಹೋಗುವುದನ್ನು ನೋಡಿ ಬೆಳೆದವಳು. ದೋಣಿಯ ಮಾತು ತೆಗೆದಾಗ ಅವಳು ಹೇಳಿದ್ದು ಇಷ್ಟೇ: “ನೀವು ಕರದಲ್ಲಿ ಬರ್ತೀನ್ರಿ. ಆದ್ರ ಮೋತ್ಯಾನ್ನ ಬಿಟ್ಟು ಬರಂಗಿಲ್ಲ. ಮತ್ತ ನೀರಿಗೆ ಅಂಜಿ ನಾ ದಂಡಿ ಮ್ಯಾಲೆ ನಿಂತ್ರ ಸಿಟ್ಟಿಗೇಳಬಾರದು.” ಒಪ್ಪಿದೆ.

ಅವಳ ಅಣ್ಣನ ಮಗ ಗಜೇಂದ್ರಗಡದಲ್ಲಿ ಒಂದು ಓಮ್ನಿ ಗಾಡಿ ಇಟ್ಟಿದ್ದ. ಕರಾರು ಹೀಗಾಯಿತು: ನಾವು ದೋಣಿಯಲ್ಲಿ ಹೊಳೆ ದಾಟುವುದು, ಅವನು ಗಾಡಿ ತೆಗೆದುಕೊಂಡು ಸೇತುವೆಯ ಮೇಲೆ ಸುತ್ತಿ ಬಂದು ಆಚೆ ದಡದಲ್ಲಿ ಕಾಯುವುದು. ಬುತ್ತಿಗೆ ಕಟಕ ರೊಟ್ಟಿ, ಶೇಂಗಾ ಚಟ್ನಿ, ಮೋತ್ಯಾನಿಗೆ ಒಂದು ಹಳೆಯ ಗೋಣಿಚೀಲ, ಒಂದು ಅಲ್ಯೂಮಿನಿಯಂ ಬೋಗುಣಿ.

ಕರಾವಳಿಗೆ ಹೊರಡುವ ಮುನ್ನ ಅಲ್ಲಿನ ನೆಲ ಹೇಗಿದೆ ಎಂದು ತಿಳಿದುಕೊಳ್ಳಬೇಕು. ನಮ್ಮ ರಾಜ್ಯದ ಸಮುದ್ರ ತೀರ ಸುಮಾರು 320 ಕಿಲೋಮೀಟರ್. ಉತ್ತರ ಕನ್ನಡ, ಉಡುಪಿ, ದಕ್ಷಿಣ ಕನ್ನಡ ಎಂಬ ಮೂರು ಜಿಲ್ಲೆ. ಸಹ್ಯಾದ್ರಿ ಸಮುದ್ರಕ್ಕೆ ತೀರ ಹತ್ತಿರ ಇರುವುದರಿಂದ ಘಟ್ಟದಿಂದ ಇಳಿಯುವ ಹೊಳೆಗಳು ಬಾಚಣಿಗೆಯ ಹಲ್ಲಿನಂತೆ ಸಾಲಾಗಿ ಬಂದು ಸಮುದ್ರ ಸೇರುತ್ತವೆ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ಆಮೇಲೆ ಗಂಗೊಳ್ಳಿಯ ಬಳಿ ಕೂಡುವ ಐದು ಹೊಳೆಗಳು, ಸೀತಾ, ಸ್ವರ್ಣಾ, ಕೊನೆಗೆ ಮಂಗಳೂರಿನಲ್ಲಿ ಗುರುಪುರ ಮತ್ತು ನೇತ್ರಾವತಿ. ಹೊಳೆ ಸಮುದ್ರ ಸೇರುವ ಬಾಯಿಗೆ ಅಲ್ಲಿಯವರು ಅಳಿವೆ ಎನ್ನುತ್ತಾರೆ. ಹೊಳೆ ದಾಟಿಸುವ ದೋಣಿಗೆ ಉತ್ತರ ಕನ್ನಡದಲ್ಲಿ ತಾರಿ ಎಂಬ ಹೆಸರಿದೆ. ಹೆದ್ದಾರಿಯ ಸೇತುವೆಗಳು ಬರುವ ಮೊದಲು ಕರಾವಳಿಯಲ್ಲಿ ಪಕ್ಕದೂರಿನ ಮದುವೆಗೆ ಹೋಗಬೇಕಾದರೂ ತಾರಿ ಬೇಕಿತ್ತು.

ಕಾರವಾರದಲ್ಲಿ ಕಾಳಿಯ ಅಳಿವೆಯನ್ನು ದಡದಿಂದಲೇ ನೋಡಿದೆವು. ಅಲ್ಲಿ 1983ರಲ್ಲೇ ಹೆದ್ದಾರಿಗೆ ಸೇತುವೆಯಾಗಿತ್ತು. ಅದಕ್ಕೂ ನೂರು ವರ್ಷ ಹಿಂದೆ, 22 ವರ್ಷದ ಒಬ್ಬ ಬಂಗಾಳಿ ತರುಣ ಇದೇ ಹೊಳೆಯಲ್ಲಿ ದೋಣಿ ಹತ್ತಿ ಮೇಲಕ್ಕೆ ಹೋಗಿ ರಾತ್ರಿ ಬೆಳದಿಂಗಳಲ್ಲಿ ಮರಳಿದ್ದ. ಅವನ ಅಣ್ಣ ಸತ್ಯೇಂದ್ರನಾಥ ಆಗ ಕಾರವಾರದಲ್ಲಿ ನ್ಯಾಯಾಧೀಶ. ಆ ತರುಣ ರವೀಂದ್ರನಾಥ ಟಾಗೋರ್. ‘ಪ್ರಕೃತಿರ್ ಪ್ರತಿಶೋಧ್’ ಎಂಬ ನಾಟಕವನ್ನು ಅವರು ಬರೆದದ್ದು ಕಾರವಾರದಲ್ಲಿ. ಅಲ್ಲಿನ ಕಡಲದಂಡೆಗೆ ಈಗ ಅವರದೇ ಹೆಸರು.

ನಮ್ಮ ಮೊದಲ ದೋಣಿ ಅಂಕೋಲಾ ತಾಲ್ಲೂಕಿನ ಮಂಜಗುಣಿಯಲ್ಲಿ. ಎದುರು ದಡದ ಊರಿನ ಹೆಸರು ಗಂಗಾವಳಿ, ಹೊಳೆಯ ಹೆಸರೂ ಅದೇ. ದೋಣಿಯಲ್ಲಿ ಆಗಲೇ ಎರಡು ಮೋಟಾರ್ ಸೈಕಲ್, ಮೀನಿನ ಬುಟ್ಟಿ ಇಟ್ಟುಕೊಂಡ ಇಬ್ಬರು ಹೆಂಗಸರು, ಒಂದು ಅಕ್ಕಿಮೂಟೆ ಏರಿದ್ದವು. ನಾನು ಹಗ್ಗ ಹಿಡಿದು ಎಳೆದರೆ ಮೋತ್ಯಾ ನಾಲ್ಕೂ ಕಾಲು ಮರಳಲ್ಲಿ ಊರಿ ನಿಂತಿತು. ಅದರ ಹಿಂದೆ ನನ್ನ ಹೆಂಡತಿಯೂ ಹಾಗೇ ನಿಂತಿದ್ದಳು.

“ಎಳೀಬೇಡಿ ಮಾರಾಯ್ರೆ,” ಎಂದ ದೋಣಿಯವ. “ನೀವು ಮೊದ್ಲು ಕುಂತ್ಕಳಿ. ಗೋಣಿ ಹಾಸಿ. ಅದು ನೋಡ್ಲಿ. ತಾನಾಗೇ ಬರ್ತದೆ.”

ಗೋಣಿಚೀಲವನ್ನು ಹಲಗೆಯ ಮೇಲೆ ಹಾಸಿದೆ. ಒದ್ದೆ ಹಲಗೆಯ ಮೇಲೆ ನಾಯಿಯ ಉಗುರು ಜಾರುತ್ತದೆ, ಜಾರಿದರೆ ಅದು ಇನ್ನೂ ಹೆದರುತ್ತದೆ. ಗೋಣಿಯ ಮೇಲಾದರೆ ಕಾಲಿಗೆ ಹಿಡಿತ ಸಿಗುತ್ತದೆ. ಇದು ನನಗೆ ಗೊತ್ತಿರಲಿಲ್ಲ, ಅವನಿಗೆ ಗೊತ್ತಿತ್ತು. ನಾನು ಕೂತೆ. ಮೋತ್ಯಾ ನನ್ನನ್ನು ನೋಡಿತು, ನೀರನ್ನು ನೋಡಿತು, ಗೋಣಿಯ ವಾಸನೆ ನೋಡಿತು. ಅದು ನಮ್ಮ ಮನೆಯ ಜೋಳದ ಚೀಲ. ಒಂದೇ ನೆಗೆತಕ್ಕೆ ಒಳಗೆ ಬಂದು ನನ್ನ ಕಾಲ ಸಂದಿಯಲ್ಲಿ ಮುದುರಿಕೊಂಡಿತು.

ದಂಡೆಯ ಮೇಲೆ ಉಳಿದವಳು ಒಬ್ಬಳೇ. ಬುಟ್ಟಿಯ ಹೆಂಗಸು ಕೈ ಚಾಚಿ, “ಬನ್ನಿ ಅಮ್ಮ, ನಾಯೇ ಬಂತಲ್ಲ,” ಎಂದಳು. ನನ್ನ ಹೆಂಡತಿ ಕಣ್ಣು ಮುಚ್ಚಿ ಆ ಕೈ ಹಿಡಿದು ಹತ್ತಿದಳು.

ಹಗ್ಗವನ್ನು ದೋಣಿಯ ಗೂಟಕ್ಕೆ ಕಟ್ಟಲು ಹೋದೆ. ದೋಣಿಯವ ಗದರಿದ. ದೋಣಿ ಮಗುಚಿದರೆ ಮನುಷ್ಯ ಈಜಾನು, ನಾಯಿಯೂ ಈಜೀತು. ಕಟ್ಟಿದ ನಾಯಿ ಮಾತ್ರ ದೋಣಿಯ ಜೊತೆಗೇ ಹೋಗುತ್ತದೆ. ಹಗ್ಗ ಕೈಯಲ್ಲಿರಬೇಕು, ಗೂಟಕ್ಕಲ್ಲ. ಮಕ್ಕಳೇ, ಈ ಮಾತು ನೆನಪಿಡಿ, ಮುಂದೆ ಬೇಕಾಗುತ್ತದೆ.

ನಡು ಹೊಳೆಯಲ್ಲಿ ಅವನು ಕೇಳಿದ, “ಯಾವ ಕಡೆಯವ್ರು?” ಗದಗ ಜಿಲ್ಲೆ ಎಂದೆ. “ಹಾಗಾರೆ ಧಾರವಾಡದ ಬದಿಯವ್ರೇ ಆಯ್ತು. ಈ ನೀರು ನಿಮ್ಮ ಬದಿಯಿಂದ್ಲೇ ಬರೋದು.” ನಿಜವೇ. ಧಾರವಾಡದ ಸೋಮೇಶ್ವರ ಗುಡಿಯ ಬಳಿ ಹುಟ್ಟುವ ಶಾಲ್ಮಲೆ ಬೇಡ್ತಿ ಹೊಳೆಯನ್ನು ಕೂಡಿ, ಘಟ್ಟ ಇಳಿದು, ಇಲ್ಲಿ ಗಂಗಾವಳಿ ಎಂದು ಕರೆಸಿಕೊಳ್ಳುತ್ತದೆ. ನಮ್ಮ ಊರಿನ ನೀರು ಬಂಗಾಳ ಕೊಲ್ಲಿಗೆ ಹೋದರೆ, ಧಾರವಾಡದ ಆ ಒಂದು ಮಗ್ಗುಲಿನ ನೀರು ಅರಬ್ಬಿ ಸಮುದ್ರಕ್ಕೆ. ನನ್ನ ಹೆಂಡತಿ ಆಗ ಕಣ್ಣು ತೆರೆದಳು. “ಧಾರವಾಡದ ನೀರಾ ಇದು?” ಎಂದು ಕೇಳಿ, ಬಗ್ಗಿ, ಎರಡು ಬೆರಳು ಅದ್ದಿ ನೋಡಿದಳು. ಉಪ್ಪುಪ್ಪಾಗಿತ್ತು. ನಕ್ಕಳು.

ಆಚೆ ದಡದಲ್ಲಿ ಇಳಿದು, ಗಾಡಿ ಬಂದ ಮೇಲೆ ಗೋಕರ್ಣಕ್ಕೆ ಹೋದೆವು. ಉಳಿಯಲು ಕೋಣೆ ಕೇಳಿದ ಕಡೆಯೆಲ್ಲ ಮೊದಲು ನಮ್ಮನ್ನು ನೋಡಿ “ಇದೆ” ಎನ್ನುವುದು, ಆಮೇಲೆ ಮೋತ್ಯಾನನ್ನು ನೋಡಿ “ಇಲ್ಲ” ಎನ್ನುವುದು. ಕೊನೆಗೆ ಮೋತ್ಯಾ ಮತ್ತು ಅಳಿಯ ಇಬ್ಬರೂ ಓಮ್ನಿಯಲ್ಲಿ ಮಲಗಿದರು. ಬೆಳಿಗ್ಗೆ ಅವನು ದೂರು ಹೇಳಿದ: ಗೊರಕೆ ಹೊಡೆದದ್ದು ನಾಯಿಯಂತೆ.

ಮರುದಿನ ತದಡಿಯಿಂದ ಅಘನಾಶಿನಿ ಊರಿಗೆ ಎರಡನೇ ದೋಣಿ. ಇಲ್ಲಿ ಪಂದ್ಯ ಕಟ್ಟಿದೆವು. ನೀರಿನ ಮೇಲೆ ಎದುರು ದಡ ಕಣ್ಣಿಗೆ ಕಾಣುತ್ತದೆ. ರಸ್ತೆಯಲ್ಲಾದರೆ ಹೆದ್ದಾರಿಗೆ ಹೋಗಿ, ಸೇತುವೆ ದಾಟಿ, ಕುಮಟಾ ಸುತ್ತಿ ಬರಲು ಮೂವತ್ತು ಕಿಲೋಮೀಟರಿಗೆ ಕಡಿಮೆಯಿಲ್ಲ. ನಾವೇ ಗೆಲ್ಲುವುದು ಖಂಡಿತ ಎಂದುಕೊಂಡಿದ್ದೆ.

ಆದರೆ ದೋಣಿ ಹೊರಡುವ ಹೊತ್ತಿಗೆ ಶಾಲೆಯ ಮಕ್ಕಳು ಓಡಿಬಂದರು. ಅವರಲ್ಲಿ ಒಬ್ಬಳು ಪುಟ್ಟ ಹುಡುಗಿ, ಮೂರನೇ ಇಯತ್ತೆಯವಳಿರಬೇಕು, ಮೋತ್ಯಾನನ್ನು ಕಂಡದ್ದೇ ಅಳಲು ಶುರುಮಾಡಿದಳು. ಹಿಂದೆ ಯಾವುದೋ ನಾಯಿ ಕಚ್ಚಿತ್ತಂತೆ. ದೋಣಿಯವನು ನನ್ನ ಮುಖ ನೋಡಿದ. “ಏನೂ ಮಾಡೋದಿಲ್ಲವ್ವಾ, ಪಾಪದ ನಾಯಿ,” ಎಂದೆ. ಹೆದರಿದವರಿಗೆ ಈ ಮಾತಿನಿಂದ ಏನು ಉಪಯೋಗ? ನನ್ನ ಹೆಂಡತಿ ಆಗಲೇ ಎದ್ದು ನಿಂತಿದ್ದಳು. “ನಾವು ಇಳೀತೀವ್ರಿ. ಮುಂದಿನ ದೋಣಿಗೆ ಬರ್ತೀವಿ. ಆ ಕೂಸಿಗೆ ಸಾಲಿಗೆ ಹೊತ್ತಾಗ್ತದ.” ಇಳಿದೆವು. ಅವಳ ಮಾತು ನನಗೆ ನ್ಯಾಯವಾಗಿ ಕಂಡಿತು. ನಾಯಿಗೂ ಜಾಗ ಬೇಕು ಎನ್ನುವವರು, ಆ ಜಾಗಕ್ಕಾಗಿ ತಾವು ಕಾಯಬೇಕು. ಅಂಜುವ ಮಗುವನ್ನು ಕಾಯಿಸಬಾರದು.

ಕಾದದ್ದರಿಂದ ಲಾಭವೇ ಆಯಿತು. ಇಳಿತದ ಹೊತ್ತು, ನೀರು ಹಿಂದೆ ಸರಿದಿತ್ತು. ಹೆಂಗಸರು ಗಂಡಸರು ಸೊಂಟಮಟ್ಟದ ನೀರಿನಲ್ಲಿ ನಿಂತು ಬಳಚು ಎಂಬ ಚಿಪ್ಪುಮೀನು ಆರಿಸುತ್ತಿದ್ದರು. ಅಘನಾಶಿನಿಗೆ ದೊಡ್ಡ ಅಣೆಕಟ್ಟು ಇಲ್ಲ. ಘಟ್ಟದ ಸಿಹಿನೀರು, ಸಮುದ್ರದ ಉಪ್ಪುನೀರು ದಿನಕ್ಕೆ ಎರಡು ಸಲ ಇಲ್ಲಿ ಬೆರೆಯುತ್ತವೆ. ಅದಕ್ಕೇ ಇಲ್ಲಿ ಇಷ್ಟು ಬಳಚು, ಇಷ್ಟು ಮೀನು. ಹತ್ತಿರದ ಗಜನಿ ಗದ್ದೆಗಳಲ್ಲಿ ಕಗ್ಗ ಎಂಬ ಭತ್ತ ಬೆಳೆಯುತ್ತಾರೆ. ಉಪ್ಪುನೀರು ನುಗ್ಗಿದರೂ ಸಾಯದ ಭತ್ತ ಅದು. ಪಕ್ಕದ ಸಾಣಿಕಟ್ಟೆಯಲ್ಲಿ ಉಪ್ಪಿನ ಆಗರಗಳಿವೆ. ಒಂದೇ ನೀರು ಒಬ್ಬರಿಗೆ ಮೀನು, ಒಬ್ಬರಿಗೆ ಅಕ್ಕಿ, ಒಬ್ಬರಿಗೆ ಉಪ್ಪು.

ಇನ್ನೊಂದು ಸಂಗತಿ ಗದಗ ಜಿಲ್ಲೆಯ ಮಕ್ಕಳಿಗೆ. 2024ರ ಜನವರಿ 31ರಂದು ನಮ್ಮ ದೇಶದ ಐದು ಜೌಗು ತಾಣಗಳು ರಾಮ್ಸಾರ್ ಪಟ್ಟಿಗೆ ಸೇರಿದ ಸುದ್ದಿ ಬಂತು. ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿ ಅದು. ಅದರಲ್ಲಿ ಒಂದು ಅಘನಾಶಿನಿಯ ಅಳಿವೆ, ಇನ್ನೊಂದು ನಮ್ಮದೇ ಜಿಲ್ಲೆಯ ಮಾಗಡಿ ಕೆರೆ, ಚಳಿಗಾಲದಲ್ಲಿ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬಂದಿಳಿಯುವ ಕೆರೆ. ಕಡಲ ದಂಡೆಯ ಅಳಿವೆಗೂ ಬಯಲುಸೀಮೆಯ ಕೆರೆಗೂ ಒಂದೇ ದಿನ ಒಂದೇ ಮರ್ಯಾದೆ.

ಪಂದ್ಯ? ನಾವು ಅಘನಾಶಿನಿ ಊರಿನಲ್ಲಿ ಇಳಿದಾಗ ಅಳಿಯ ಗಾಡಿಯ ಬಾಗಿಲು ತೆಗೆದು ಚಹಾ ಕುಡಿಯುತ್ತ ಕೂತಿದ್ದ.

ಕುಮಟಾದಲ್ಲಿ ಹತ್ತಿಯ ಕುರುಹು ಹುಡುಕುತ್ತ ಕಡಲದಂಡೆಗೆ ಹೋದೆ. ಹತ್ತಿಯ ಅಂಡಿಗೆ ಇಲ್ಲ, ಹಾಯಿ ಹಡಗಿಲ್ಲ. ಮೀನುದೋಣಿಗಳು ಮಾತ್ರ. ಆದರೂ ಅಲ್ಲಿ ನಿಂತಾಗ, ಯಾವನೋ ಒಬ್ಬ ನಮ್ಮ ಸೀಮೆಯ ಬಂಡಿಯವ ಘಟ್ಟ ಇಳಿದು ಬಂದು, ಎತ್ತಿನ ಕೊರಳು ಬಿಚ್ಚಿ, ಮೊದಲ ಸಲ ಈ ನೀರು ನೋಡಿ ಬಾಯಿ ಬಿಟ್ಟು ನಿಂತಿರಬೇಕು ಅನ್ನಿಸಿತು. ಮೋತ್ಯಾ ಸಮುದ್ರಕ್ಕೆ ಬೊಗಳಿತು. ತೆರೆ ಬಂದರೆ ಓಡುವುದು, ತೆರೆ ಹೋದರೆ ಅಟ್ಟುವುದು. ಬಾಯಾರಿ ಉಪ್ಪುನೀರಿಗೆ ಬಾಯಿ ಹಾಕಿದಾಗ ಹಿಡಿದು ಎಳೆದೆವು. ಸಮುದ್ರದ ನೀರು ಕುಡಿದರೆ ನಾಯಿಗೆ ವಾಂತಿ, ಭೇದಿ, ಹೆಚ್ಚಾದರೆ ಜೀವಕ್ಕೂ ಅಪಾಯ. ಬೋಗುಣಿ ಒಯ್ದದ್ದು ಅದಕ್ಕೇ.

ಹೊನ್ನಾವರದಲ್ಲಿ ಶರಾವತಿ. ಜೋಗದಲ್ಲಿ 253 ಮೀಟರ್ ಧುಮುಕಿ, ನಮ್ಮ ಮನೆಗಳಿಗೆ ಬೆಳಕು ಕೊಟ್ಟ ನೀರು ಇಲ್ಲಿ ಹಗುರವಾಗಿ ಹರಡಿಕೊಂಡು ಸಮುದ್ರಕ್ಕೆ ನಡೆಯುತ್ತದೆ. ಅದರ ಮೇಲೆ ಕೊಂಕಣ ರೈಲಿನ ಅತಿ ಉದ್ದದ ಸೇತುವೆ ಇದೆ, ಎರಡು ಕಿಲೋಮೀಟರಿಗೂ ಸ್ವಲ್ಪ ಹೆಚ್ಚು. ಮರವಂತೆಯಲ್ಲಿ ರಸ್ತೆಯ ಒಂದು ಬದಿಗೆ ಸಮುದ್ರ, ಇನ್ನೊಂದು ಬದಿಗೆ ಸೌಪರ್ಣಿಕಾ ಹೊಳೆ. ಅಲ್ಲಿ ಮೋತ್ಯಾನಿಗೆ ಯಾವ ಕಡೆ ಬೊಗಳುವುದು ಎಂದೇ ತಿಳಿಯಲಿಲ್ಲ.

ಮೂರನೇ ದೋಣಿ ಉಡುಪಿ ಜಿಲ್ಲೆಯ ಹಂಗಾರಕಟ್ಟೆಯಿಂದ ಕೋಡಿಬೆಂಗ್ರೆಗೆ. ಸೀತಾ, ಸ್ವರ್ಣಾ ಎರಡೂ ಹೊಳೆಗಳು ಅಲ್ಲಿ ಒಟ್ಟಿಗೆ ಸಮುದ್ರ ಸೇರುತ್ತವೆ. ಬೆಂಗ್ರೆ ಎಂದರೆ ಹೊಳೆಗೂ ಕಡಲಿಗೂ ನಡುವೆ ಚಾಚಿದ ಮರಳಿನ ನಾಲಿಗೆ. ಅಲ್ಲಿ ಒಬ್ಬ ಮೀನಿನ ಅಜ್ಜಿ ಮೋತ್ಯಾನಿಗೆ ಒಂದು ಬಂಗುಡೆಯ ತಲೆ ಕೊಟ್ಟಳು. ಜೋಳದ ರೊಟ್ಟಿಯಲ್ಲಿ ಬೆಳೆದ ನಾಯಿ. ಮೊದಲು ಮೂಸಿತು, ಆಮೇಲೆ ಮುಂದಿನ ಎರಡು ದಿನ ನಮ್ಮ ರೊಟ್ಟಿಯತ್ತ ತಿರುಗಿ ನೋಡಲಿಲ್ಲ. ಮಲ್ಪೆಯಿಂದ ಸೇಂಟ್ ಮೇರಿಸ್ ದ್ವೀಪಕ್ಕೆ ಹೋಗಲಿಲ್ಲ, ಮೋತ್ಯಾನನ್ನು ದಡದಲ್ಲಿ ಬಿಡಲು ಮನಸ್ಸಾಗಲಿಲ್ಲ. ನೀವು ಹೋದಾಗ ಅಲ್ಲಿನ ಕಂಬದಂಥ ಬಂಡೆಗಳನ್ನು ನೋಡಿ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ನಮ್ಮ ನೆಲದಿಂದ ಬೇರೆಯಾದ ಕಾಲದಲ್ಲಿ ಉಕ್ಕಿದ ಲಾವಾ ತಣ್ಣಗಾಗಿ ಆದವು ಅವು.

ನಾಲ್ಕನೆಯದು, ಕೊನೆಯದು, ಮಂಗಳೂರಿನ ಸುಲ್ತಾನ್ ಬತ್ತೇರಿಯಿಂದ ತಣ್ಣೀರುಬಾವಿಗೆ. ಗುರುಪುರ ಹೊಳೆಯೊಳಗೆ ಶತ್ರುಗಳ ಹಡಗು ನುಗ್ಗದಂತೆ ಟಿಪ್ಪು ಸುಲ್ತಾನ 1784ರಲ್ಲಿ ಕಟ್ಟಿಸಿದ ಕಾವಲು ಬುರುಜು ಅದು. ಅಲ್ಲಿ ದೋಣಿ ಬಂದು ನಿಂತ ಕೂಡಲೇ ಮೋತ್ಯಾ ಮೊದಲು ಹತ್ತಿತು. ಅದರ ಹಿಂದೆ ನನ್ನ ಹೆಂಡತಿ, ಯಾರ ಕೈಯನ್ನೂ ಹಿಡಿಯದೆ. ನಾನು ಕೊನೆಗೆ.

ಬ್ಯಾಂಕಿನವನ ಚಟ, ಖರ್ಚಿನ ವಹಿ ಬರೆದಿದ್ದೆ. ಅದರಲ್ಲಿ ಒಂದು ಸಾಲು ಹೀಗಿದೆ: ದೋಣಿ 4. ಟಿಕೇಟು, ನಾಯಿಗೆ: 0. ನಾಲ್ಕು ಕಡೆಯೂ ನಾಯಿಗೆ ಎಷ್ಟು ಕೊಡಬೇಕು ಎಂದು ಕೇಳಿದ್ದೆ. ನಾಲ್ವರೂ ನಕ್ಕಿದ್ದರು. ಮೋಟಾರ್ ಸೈಕಲ್ಲಿಗೆ ದರ ಇತ್ತು, ಮೀನಿನ ಬುಟ್ಟಿಗೆ ಜಾಗ ಇತ್ತು. ನಾಯಿ ಮಾತ್ರ ಮನೆಯವರ ಲೆಕ್ಕದಲ್ಲೇ ಬರುತ್ತಿತ್ತು.

ಈ ಕತೆಯನ್ನು ಇಷ್ಟು ವರ್ಷಗಳ ಮೇಲೆ ಯಾಕೆ ಹೇಳುತ್ತಿದ್ದೇನೆ? 2019ರ ಆಗಸ್ಟ್ ಕಾರಣ. ನಮ್ಮ ಕಡೆ ಹೆಣ್ಣುಮಕ್ಕಳು ನಾಗರ ಪಂಚಮಿಗೆ ತವರಿಗೆ ಹೋಗುವುದು ರೂಢಿ. ಆ ವರ್ಷ ಪಂಚಮಿ ಆಗಸ್ಟ್ 5ಕ್ಕೆ. ಉಂಡಿ ತಿಂದು, ಜೋಕಾಲಿ ಕಟ್ಟಿ ಇನ್ನೂ ಮೂರು ದಿನವಾಗಿರಲಿಲ್ಲ, ಮಲಪ್ರಭೆ ಉಕ್ಕಿ ಹಳ್ಳಿಗಳಿಗೆ ನುಗ್ಗಿತು. ನನ್ನ ಹೆಂಡತಿ ತವರಿನಲ್ಲೇ ಸಿಕ್ಕಿಬಿದ್ದಳು. ನಾನು ಇಲ್ಲಿ ಮೋತ್ಯಾನ ಜೊತೆ ಫೋನಿನ ಮುಂದೆ ಕೂತಿದ್ದೆ. ಮುಂದಿನದು ಅವಳು ಬಂದು ಹೇಳಿದ್ದು.

ಜನರನ್ನು ಸಾಗಿಸಲು ರಬ್ಬರ್ ದೋಣಿ ಬಂತು. ಓಣಿಯ ಜನ ಹತ್ತಿದರು. ಪಕ್ಕದ ಮನೆಯ ಒಬ್ಬ ಮುದುಕಿ ಮಾತ್ರ ಮಾಳಿಗೆಯಿಂದ ಇಳಿಯಲೊಲ್ಲಳು. ಅವಳ ಹತ್ತಿರ ಒಂದು ಮುದಿ ನಾಯಿ ಇತ್ತು, ಒಂದು ಆಡಿನ ಮರಿ ಇತ್ತು. “ಇವನ್ನ ನೀರಿಗೆ ಬಿಟ್ಟು ನಾ ಹೆಂಗ ಬರ್ಲಿ? ನೀವು ಹೋಗ್ರಿ,” ಎನ್ನುತ್ತಿದ್ದಳು. ದೋಣಿಯವರ ಮೇಲೆ ತಪ್ಪು ಹೊರಿಸುವಂತಿಲ್ಲ. ದೋಣಿ ಸಣ್ಣದು, ಜನ ಬಹಳ, ಮೊದಲು ಮನುಷ್ಯರು ಎಂಬುದು ಸರಿಯೇ. ನನ್ನ ಹೆಂಡತಿ ಅವರಿಗೆ ಕೇಳಿದಳಂತೆ: “ಕಡೀ ಸರ್ತಿ ಬರೂಮುಂದ ಇವಕ್ಕ ಜಾಗ ಕೊಡ್ತೀರೇನ್ರಿ? ನಾನೂ ಆಕಿ ಜೋಡಿ ಇಲ್ಲೇ ಕುಂದರ್ತೀನಿ.” ಕೊಡುತ್ತೇವೆ ಎಂದರು.

ಕೊನೆಯ ಸರದಿಗೆ ದೋಣಿ ಬಂತು. ನನ್ನ ಹೆಂಡತಿ ಒಂದು ಗೋಣಿಚೀಲ ಕೇಳಿ ತೆಗೆದುಕೊಂಡು, ದೋಣಿಯ ನಡುವೆ ಹಾಸಿ, ತಾನು ಮೊದಲು ಕೂತಳು. ಆಮೇಲೆ ನಾಯಿ, ಆಮೇಲೆ ಆಡಿನ ಮರಿಯನ್ನು ಅವುಚಿಕೊಂಡ ಮುದುಕಿ. ಹಗ್ಗವನ್ನು ಎಲ್ಲಿಗೂ ಕಟ್ಟಲಿಲ್ಲ, ಕೈಯಲ್ಲಿ ಹಿಡಿದಳು. ನೀರಿಗೆ ಅಂಜಿ ದಂಡೆಯ ಮೇಲೆ ನಿಲ್ಲುತ್ತೇನೆ ಎಂದಿದ್ದವಳು ಅವಳೇ.

ಇದು ಒಂದು ಹಳ್ಳಿಯ ಮುದುಕಿಯ ಹಟವಲ್ಲ. 2005ರಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್ ನಗರವನ್ನು ಕತ್ರಿನಾ ಚಂಡಮಾರುತ ಮುಳುಗಿಸಿದಾಗಲೂ ಎಷ್ಟೋ ಜನ ನಾಯಿ, ಬೆಕ್ಕು ಬಿಟ್ಟು ಬರುವುದಿಲ್ಲ ಎಂದು ಮನೆಯಲ್ಲೇ ಉಳಿದರು. ಮರುವರ್ಷ, 2006ರಲ್ಲಿ, ಅಲ್ಲಿ ಒಂದು ಕಾಯ್ದೆಯೇ ಬಂತು: ಆಪತ್ತಿನಲ್ಲಿ ಜನರನ್ನು ಸಾಗಿಸುವ ಯೋಜನೆ ಮಾಡುವಾಗ ಅವರ ಸಾಕುಪ್ರಾಣಿಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು. ಪ್ರಾಣಿಯ ಮೇಲಿನ ಕರುಣೆಗಾಗಿ ಮಾತ್ರವಲ್ಲ, ಮನುಷ್ಯರ ಜೀವ ಉಳಿಸಲಿಕ್ಕೇ. ನಾಯಿಗೆ ಜಾಗವಿದ್ದರೆ ಮನುಷ್ಯನೂ ದೋಣಿ ಹತ್ತುತ್ತಾನೆ. ನಮ್ಮ ಅಜ್ಜಿಯರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಹಾಭಾರತದ ಕೊನೆಗೆ ಧರ್ಮರಾಯ ಸ್ವರ್ಗದ ರಥ ಬಂದು ನಿಂತರೂ, ಜೊತೆಗೆ ನಡೆದುಬಂದ ನಾಯಿಯನ್ನು ಬಿಟ್ಟು ಹತ್ತಲಾರೆ ಎಂದ ಕತೆ ಅವರಿಗೆ ಬಾಯಿಪಾಠ.

ಈಗ ಒಂದೊಂದೇ ಅಳಿವೆಗೆ ಸೇತುವೆ ಬರುತ್ತಿದೆ. ಬರಬೇಕು. ಹೆರಿಗೆಯ ಹೆಂಗಸನ್ನು, ಜ್ವರದ ಮಗುವನ್ನು ನಡುರಾತ್ರಿ ತಾರಿಗೆ ಕಾಯಿಸುವುದು ಯಾರಿಗೂ ಬೇಡ. ಆದರೆ ದೋಣಿಯ ವಿದ್ಯೆ ಮರೆಯಬಾರದು. 2024ರ ಆಗಸ್ಟ್ 7ರ ನಸುಕಿನಲ್ಲಿ ಕಾರವಾರದ ಕಾಳಿ ಹೊಳೆಯ ಆ 1983ರ ಸೇತುವೆ ಕುಸಿದು ಒಂದು ಲಾರಿ ನೀರಿಗೆ ಬಿತ್ತು. ಅದರ ಚಾಲಕ ಬದುಕಿ ದಡ ಸೇರಿದ್ದು ಸ್ಥಳೀಯ ಮೀನುಗಾರರ ನೆರವಿನಿಂದ.

ಮೋತ್ಯಾ ಈಗ ಇಲ್ಲ. 2022ರ ಚಳಿಗಾಲದಲ್ಲಿ, ತುಂಬು ವಯಸ್ಸಾಗಿ, ತನ್ನ ಗೋಣಿಚೀಲದ ಮೇಲೆ ಮಲಗಿದ್ದು ಏಳಲಿಲ್ಲ. ಹಿತ್ತಲ ಬೇವಿನ ಗಿಡದ ಬುಡದಲ್ಲಿದೆ. ಅದು ಕಲಿಸಿದ ನಾಲ್ಕು ಮಾತು ಮಾತ್ರ ನಿಮಗೆ ಕೊಡುತ್ತೇನೆ; ಹೊಳೆದಂಡೆಯ ಮಕ್ಕಳು ಗೋಡೆಗೆ ಬರೆದು ಅಂಟಿಸಿ.

ಮಳೆಗಾಲಕ್ಕೆ ಮುಂಚೆಯೇ ಮನೆಯವರು ಕೂತು ಮಾತಾಡಿಕೊಳ್ಳಿ: ನೆರೆ ಬಂದರೆ ಅಜ್ಜಿಯನ್ನು ಯಾರು ಕರೆದೊಯ್ಯುವುದು, ದನ, ಆಡು, ನಾಯಿಯನ್ನು ಯಾರು, ಯಾವ ಎತ್ತರದ ಜಾಗಕ್ಕೆ. ನೀರು ಬರುತ್ತಿದೆ ಎಂದು ಗೊತ್ತಾದ ಕೂಡಲೇ, ರಸ್ತೆ ಇರುವಾಗಲೇ, ದನಕರುಗಳನ್ನು ಮೊದಲು ಸಾಗಿಸಿ; ದೋಣಿಯಲ್ಲಿ ಎಮ್ಮೆಗೆ ಜಾಗ ಸಿಗುವುದಿಲ್ಲ. ಸಾಗಿಸಲು ಆಗಲೇ ಇಲ್ಲವೆಂದರೆ ಹಗ್ಗ ಬಿಚ್ಚಿ ಬಿಡಿ. ಕಟ್ಟಿ ಹಾಕಿ ಹೋಗಬೇಡಿ. ದೋಣಿ ಹತ್ತುವಾಗ ಎಳೆಯಬೇಡಿ, ಗೋಣಿ ಹಾಸಿ, ಮೊದಲು ನೀವು ಕೂತುಕೊಳ್ಳಿ. ಮತ್ತು ಯಾವ ದೋಣಿಯಲ್ಲೇ ಆಗಲಿ, ಅಂಗಿಯ ಮೇಲೆ ತೇಲುವ ಜಾಕೀಟು ಕೊಟ್ಟರೆ ನಾಚಿಕೆಪಡದೆ ಹಾಕಿಕೊಳ್ಳಿ.

ಈ ವಾರದ ಕೆಲಸ: ಕರ್ನಾಟಕದ ನಕ್ಷೆ ಬಿಡಿಸಿ, ಕಾರವಾರದಿಂದ ಮಂಗಳೂರಿನವರೆಗೆ ನಾನು ಹೇಳಿದ ಹೊಳೆಗಳನ್ನು ನೀಲಿ ಬಣ್ಣದಲ್ಲಿ ಬರೆಯಿರಿ. ನಿಮ್ಮ ಊರಿನ ನೀರು ಯಾವ ಸಮುದ್ರಕ್ಕೆ ಹೋಗುತ್ತದೆ ಎಂದು ಬಾಣದ ಗುರುತು ಹಾಕಿ. ಆಮೇಲೆ ಮನೆಯ ಹಿರಿಯರನ್ನು ಕೇಳಿ, ಅವರು ಮೊದಲ ಸಲ ದೋಣಿ ಹತ್ತಿದ್ದು ಯಾವ ಹೊಳೆಯಲ್ಲಿ, ಜೊತೆಗೆ ಯಾರಿದ್ದರು. ಉತ್ತರ ಬರುವತನಕ ಸುಮ್ಮನೆ ಕೂತು ಕೇಳಿಸಿಕೊಳ್ಳಿ. ಮುಂದಿನ ವಾರ ಸಿಗೋಣ.